ಕಾಯಿಗೆ ಉಪ್ಪು, ಹಣ್ಣಿಗೆ ಬಿಸಿಲು: ಮಾವನ್ನು ಮಳೆಗಾಲಕ್ಕೆ ಉಳಿಸಿಕೊಳ್ಳುವ ಬಗೆ

ಕರಾವಳಿಯ ಮನೆಯ ಹಿತ್ತಲಲ್ಲಿರುವ ಕಾಟುಮಾವಿನ ಮರ ಫಲ ಹಿಡಿದ ವರ್ಷ ತನ್ನಲ್ಲಿರುವುದನ್ನೆಲ್ಲ ಹದಿನೈದು ಇಪ್ಪತ್ತು ದಿನಗಳಲ್ಲಿ ಉದುರಿಸಿಬಿಡುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಮರದಡಿಯಲ್ಲಿ ಒಂದು ಬುಟ್ಟಿ, ಮಧ್ಯಾಹ್ನ ಗಾಳಿ ಬೀಸಿದ ಮೇಲೆ ಇನ್ನೊಂದು ಬುಟ್ಟಿ. ಮನೆಮಂದಿ ತಿಂದು, ನೆರೆಮನೆಗೆ ಹಂಚಿ, ಸಾಸಿವೆ ಗೊಜ್ಜು ಮಾಡಿ ಮುಗಿಸಿದರೂ ಮಿಗುವ ಈ ಹಣ್ಣಿಗೆ ಜೂನ್ ಮೊದಲ ವಾರದಲ್ಲಿ ಮುಂಗಾರು ಇಳಿಯುವುದರೊಳಗೆ ಒಂದು ಗತಿ ಕಾಣಿಸಬೇಕು. ಪೇಟೆಯವರ ಕಷ್ಟವೂ ಹೆಚ್ಚು ಬೇರೆಯಲ್ಲ. ಬಾದಾಮಿ ಮಾವಿನ ಪೆಟ್ಟಿಗೆಯನ್ನು ಆಸೆಯಿಂದ ತಂದವರಿಗೆ ಮೂರನೆಯ ದಿನ ಅಷ್ಟೂ ಹಣ್ಣು ಒಟ್ಟಿಗೇ ಕಳಿತು ಕುಳಿತಿರುವುದು ಕಾಣುತ್ತದೆ.

ಮಾವು, ಜರ್ದಾಳು, ಪೀಚ್, ಪ್ಲಮ್ ಎಲ್ಲವೂ ತಿರುಳಿನ ನಡುವೆ ಒಂದೇ ಗಟ್ಟಿ ಗೊರಟು ಇರುವ ಜಾತಿಯ ಹಣ್ಣುಗಳು. ಲಡಾಖಿನವರು ಜರ್ದಾಳನ್ನು ಮನೆಯ ಮಾಡಿನ ಮೇಲೆ ಹರಡುವುದಕ್ಕೂ ಪುತ್ತೂರು ಸುಳ್ಯದ ಕಡೆಯವರು ಮಾವಿನ ರಸವನ್ನು ಚಾಪೆಯ ಮೇಲೆ ಎರೆಯುವುದಕ್ಕೂ ಇರುವ ಕಾರಣ ಒಂದೇ. ಬೂಷ್ಟಾಗಲಿ, ಹುದುಗಿಸುವ ಸೂಕ್ಷ್ಮಜೀವಿಗಳಾಗಲಿ ಬೆಳೆಯಬೇಕಾದರೆ ಅವುಗಳಿಗೆ ನೀರು ಸಿಗಬೇಕು. ಬಿಸಿಲು ಆ ನೀರನ್ನು ಹೊರಗೆ ಕಳಿಸುತ್ತದೆ, ಉಪ್ಪು ಮತ್ತು ಸಕ್ಕರೆ ಅದನ್ನು ಅವುಗಳ ಕೈಗೆ ಸಿಗದಂತೆ ಹಿಡಿದಿಡುತ್ತವೆ, ಶೀತ ಅದನ್ನು ಗಡ್ಡೆಕಟ್ಟಿಸುತ್ತದೆ. ಹುಳಿ ಮಾತ್ರ ಬೇರೆ ದಾರಿಯಲ್ಲಿ ನೆರವಾಗುತ್ತದೆ. ಅದರ ವಿಷಯ ಮುಂದೆ ಬರುತ್ತದೆ.

ಆರಿಸುವ ಕೆಲಸ

ಭರಣಿ ಉಳಿಯುವುದೋ ಕೆಡುವುದೋ ಎಂಬುದು ಬಹುಮಟ್ಟಿಗೆ ಮೊದಲ ದಿನ ಜಗಲಿಯಲ್ಲಿ ಕುಳಿತು ಹಣ್ಣು ಆರಿಸುವಾಗಲೇ ತೀರ್ಮಾನವಾಗಿರುತ್ತದೆ ಎಂಬುದು ನನ್ನ ಅನುಭವ. ತಂದ ಮಾವನ್ನೆಲ್ಲ ಒಂದೇ ವಿಧಾನಕ್ಕೆ ಒಗ್ಗಿಸಲು ಹೋಗಬಾರದು. ಪ್ರತಿ ಕಾಯಿಯೂ ಈಗ ಯಾವ ಹಂತದಲ್ಲಿದೆ ಎಂಬುದನ್ನು ನೋಡಿ ಅದಕ್ಕೆ ತಕ್ಕ ದಾರಿ ಹಿಡಿಸಬೇಕು. ಮರದಿಂದ ಕೈಯಲ್ಲಿ ಅಥವಾ ಬಲೆ ಕಟ್ಟಿದ ದೋಟಿಯಲ್ಲಿ ಕೊಯ್ದ, ತೊಟ್ಟು ಉಳಿದಿರುವ ಗಟ್ಟಿ ಕಾಯಿ ಉಪ್ಪಿಗೆ ಯೋಗ್ಯ. ನೆಲಕ್ಕೆ ಬಿದ್ದ ಕಾಯಿ ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ಒಳಗೆ ಪೆಟ್ಟು ತಿಂದಿರುತ್ತದೆ, ಇಡಿಯಾಗಿ ಉಪ್ಪಿಗೆ ಹಾಕಿದರೆ ಆ ಜಾಗದಿಂದಲೇ ಮೆತ್ತಗಾಗುತ್ತದೆ. ಅದನ್ನು ಅದೇ ದಿನ ಹೋಳು ಮಾಡಿ ಒಣಗಿಸುವುದು ಲೇಸು. ಹದವಾಗಿ ಮಾಗಿದ ಹಣ್ಣು ಮಾಂಬಳಕ್ಕೆ (ರಸ ಒಣಗಿಸಿದ ಹಾಳೆಗೆ) ಅಥವಾ ಫ್ರೀಜರಿಗೆ, ಇನ್ನೂ ಅರೆಹಣ್ಣಾಗಿ ಹುಳಿ ಉಳಿಸಿಕೊಂಡಿರುವುದು ಜಾಮಿಗೆ. ತೊಟ್ಟಿನ ಬಳಿ ಕಪ್ಪಗಾಗಿ ಕಳ್ಳಿನ ವಾಸನೆ ಬರುತ್ತಿರುವುದನ್ನು ಮುಲಾಜಿಲ್ಲದೆ ದನಕ್ಕೋ ಗೊಬ್ಬರದ ಗುಂಡಿಗೋ ಕಳಿಸಬೇಕು.

ಹುಳುಗಳಲ್ಲಿ ಎರಡು ಬಗೆಯಿದೆ ಎಂಬುದನ್ನು ತಿಳಿದಿದ್ದರೆ ಒಳ್ಳೆಯ ಹಣ್ಣನ್ನು ವೃಥಾ ಎಸೆಯುವುದು ತಪ್ಪುತ್ತದೆ. ಗೊರಟಿನೊಳಗೆ ಮೂತಿಹುಳು ಇದ್ದರೆ ಹೊರಗೆ ಯಾವ ಗುರುತೂ ಕಾಣುವುದಿಲ್ಲ, ತಿರುಳು ಸಾಮಾನ್ಯವಾಗಿ ಸ್ವಚ್ಛವಾಗಿಯೇ ಇರುತ್ತದೆ, ಬಳಸಬಹುದು. ಹಣ್ಣುನೊಣ ಮೊಟ್ಟೆಯಿಟ್ಟಿದ್ದರೆ ಸಿಪ್ಪೆಯ ಮೇಲೆ ಸೂಜಿ ಚುಚ್ಚಿದಂಥ ಕಪ್ಪು ಚುಕ್ಕೆಯಿದ್ದು, ಮೆಲ್ಲಗೆ ಒತ್ತಿದರೆ ಅಲ್ಲಿಂದ ರಸ ಒಸರುತ್ತದೆ. ಒಳಗೆ ತಿರುಳಿನಲ್ಲೇ ಬಿಳಿ ಹುಳುಗಳು ಮಿಸುಕಾಡುತ್ತಿರುತ್ತವೆ. ಮೊದಲ ಮಳೆ ಬಿದ್ದ ಮೇಲೆ ಸಿಗುವ ಹಣ್ಣಿನಲ್ಲಿ ಈ ಕಾಟ ಹೆಚ್ಚು, ಹಾಗಾಗಿ ಆ ಹೊತ್ತಿನಲ್ಲಿ ಒಂದೊಂದು ಹಣ್ಣನ್ನೂ ಕೊಯ್ದು ನೋಡದೆ ರಸ ಹಿಂಡಬಾರದು.

ಅಂಗಡಿಯಿಂದ ತರುವವರು ಬಲಿತ ಕಾಯಿಯನ್ನೇ ತಂದು ಒಣಹುಲ್ಲಿನಲ್ಲಿ ಹಣ್ಣು ಹಾಕಿಕೊಳ್ಳುವುದು ಉತ್ತಮ. ತೊಟ್ಟಿನ ಇಕ್ಕೆಲದ ಭುಜಗಳು ತುಂಬಿಕೊಂಡು ತೊಟ್ಟಿಗಿಂತ ಮೇಲಕ್ಕೆ ಉಬ್ಬಿದ್ದರೆ ಕಾಯಿ ಬಲಿತಿದೆ ಎಂದು ಅರ್ಥ. ಕ್ಯಾಲ್ಸಿಯಂ ಕಾರ್ಬೈಡ್ ಇಟ್ಟು ಹಣ್ಣು ಮಾಡುವುದನ್ನು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮ ನಿಷೇಧಿಸಿದೆ. ಹಾಗೆ ಬಲವಂತಕ್ಕೆ ಹಳದಿಯಾದ ಹಣ್ಣಿಗೆ ಬಣ್ಣವಿದ್ದರೂ ಪರಿಮಳವಿರುವುದಿಲ್ಲ, ಮತ್ತು ಇಲ್ಲದ ಪರಿಮಳವನ್ನು ಒಣಗಿಸಿ ಉಳಿಸಿಕೊಳ್ಳುವುದು ಸಾಧ್ಯವೂ ಇಲ್ಲ.

ಕೊಯ್ಯುವವರಿಗೆ ಒಂದು ಎಚ್ಚರಿಕೆ. ಮಾವು ಗೇರಿನ ಕುಟುಂಬಕ್ಕೆ ಸೇರಿದ ಮರ, ಅದರ ಸೊನೆ ತಾಗಿದರೆ ಕೆಲವರ ಚರ್ಮ ಸುಟ್ಟಂತಾಗಿ ಬೊಕ್ಕೆ ಏಳುತ್ತದೆ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಕೆಲಸಕ್ಕೆ ಕೂರುವ ರೂಢಿ ನಮ್ಮ ಮನೆಯಲ್ಲಿದೆ.

ಉಪ್ಪಿನಲ್ಲಿ ಇಡಿ ಕಾಯಿ

ಐದು ಕಿಲೋ ಬಲಿತ ಹುಳಿಮಾವಿನಕಾಯಿಗೆ ಒಟ್ಟು ಒಂದೂವರೆ ಕಿಲೋ ಕಲ್ಲುಪ್ಪು ಮತ್ತು ಮೂರು ಲೀಟರ್ ನೀರು ಬೇಕು. ಉಪ್ಪು ಇಷ್ಟೇಕೆ ಎಂದು ಹೊಸಬರು ಕೇಳುತ್ತಾರೆ. ಕಾಯಿಯಲ್ಲಿ ಅದರ ತೂಕದ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ ಇದೆ. ದಿನ ಕಳೆದಂತೆ ಆ ನೀರು ಹೊರಬಂದು ಉಪ್ಪುನೀರನ್ನು ಸಪ್ಪೆ ಮಾಡುತ್ತದೆ. ಮೊದಲ ದಿನ ನಾಲಿಗೆಗೆ ಸಾಕೆನಿಸಿದ ಉಪ್ಪು ತಿಂಗಳ ಬಳಿಕ ಸಾಲದಾಗುವುದು ಇದರಿಂದಲೇ. ಮೇಲೆ ಹೇಳಿದ ಅಳತೆಯಲ್ಲಿ ಕಾಯಿಯ ನೀರೆಲ್ಲ ಬೆರೆತ ಮೇಲೂ ಒಟ್ಟು ತೂಕದ ಶೇಕಡಾ 16ರ ಆಸುಪಾಸಿನಲ್ಲಿ ಉಪ್ಪು ಉಳಿಯುತ್ತದೆ, ಕಾಯಿಯ ಹುಳಿಯೂ ಜೊತೆಗೂಡಿ ಅದು ವರ್ಷಪೂರ್ತಿ ಕಾಯುತ್ತದೆ.

ಮೂರು ಲೀಟರ್ ನೀರಿಗೆ ಸುಮಾರು 900 ಗ್ರಾಂ ಉಪ್ಪು ಹಾಕಿ ಕುದಿಸಿ, ಪೂರ್ತಿ ತಣಿದ ಮೇಲೆ ಬಿಳಿ ಬಟ್ಟೆಯಲ್ಲಿ ಸೋಸಬೇಕು. ಕಲ್ಲುಪ್ಪಿನ ಕಸರೆಲ್ಲ ಬಟ್ಟೆಯಲ್ಲಿ ನಿಲ್ಲುತ್ತದೆ. ಕಾಯಿಯನ್ನು ತೊಳೆದು, ಒಂದೊಂದನ್ನೇ ಬಟ್ಟೆಯಲ್ಲಿ ಒರೆಸಿ, ನೆರಳಿನಲ್ಲಿ ನಾಲ್ಕೈದು ಗಂಟೆ ಆರಬಿಡಬೇಕು. ಒಂದು ಬೆರಳಗಿಣ್ಣಿನಷ್ಟು ತೊಟ್ಟನ್ನು ಉಳಿಸಿಕೊಳ್ಳುವುದು ಮುಖ್ಯ, ಏಕೆಂದರೆ ತೊಟ್ಟು ಕಿತ್ತ ಜಾಗ ತೆರೆದ ಬಾಗಿಲಿದ್ದಂತೆ. ಭರಣಿಯನ್ನು ಬಿಸಿಲಿನಲ್ಲಿ ಒಣಗಿಸಿಕೊಂಡು, ತಳಕ್ಕೆ ಒಂದು ಹಿಡಿ ಉಪ್ಪು ಹರಡಿ, ಕಾಯಿ ಮತ್ತು ಉಪ್ಪನ್ನು ಪದರ ಪದರವಾಗಿ ಜೋಡಿಸುತ್ತ ಉಳಿದ 600 ಗ್ರಾಂ ಉಪ್ಪನ್ನು ಮುಗಿಸಿ, ಕೊನೆಗೆ ತಣಿದ ಉಪ್ಪುನೀರನ್ನು ಕಾಯಿ ಮುಳುಗುವಂತೆ ಹೊಯ್ಯಬೇಕು. ಮಾವು ತೇಲುತ್ತದೆ. ಹಾಗಾಗಿ ಚೆನ್ನಾಗಿ ತೊಳೆದು ಕುದಿಸಿದ ಹೊಳೆಗಲ್ಲನ್ನೋ ಉಪ್ಪುನೀರು ತುಂಬಿದ ಗಾಜಿನ ಬಾಟಲಿಯನ್ನೋ ಮೇಲೆ ಹೇರಿಟ್ಟು, ಒಂದು ಕಾಯಿಯೂ ನೀರಿನ ಮೇಲೆ ತಲೆಯೆತ್ತದಂತೆ ನೋಡಿಕೊಂಡು, ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಮುಚ್ಚಳ ಹಾಕಬೇಕು.

ಮೊದಲ ಹತ್ತು ದಿನ ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಿಂದ ಅಡಿಮೇಲು ಮಾಡುತ್ತಿದ್ದರೆ ಉಪ್ಪು ಸಮನಾಗಿ ಹಿಡಿಯುತ್ತದೆ. ಮೇಲೆ ತೆಳ್ಳನೆಯ ಬಿಳಿ ಕೆನೆ ಕಟ್ಟಿದರೆ ಹೆದರಬೇಕಾಗಿಲ್ಲ, ತೆಗೆದೆಸೆದು ಒಂದು ಹಿಡಿ ಉಪ್ಪು ಉದುರಿಸಿದರಾಯಿತು. ಹಸಿರು, ಕಪ್ಪು ಅಥವಾ ನಸುಗೆಂಪು ಬಣ್ಣದ, ರೋಮ ರೋಮವಾಗಿರುವ ಬೂಷ್ಟು ಬಂದಿದ್ದರೆ ಮಾತ್ರ ಮೇಲಿನದನ್ನು ತೆಗೆದು ಕೆಳಗಿನದನ್ನು ತಿನ್ನುವ ಜಿಪುಣತನ ಬೇಡ. ಕಾಯಿ ಸುಕ್ಕುಗಟ್ಟಿ, ಹಸಿರು ಕಳೆದು ಹಳದಿ ಬೆರೆತ ಕಂದಾಗಿ, ಕೊಯ್ದರೆ ಗೊರಟಿನವರೆಗೂ ಒಂದೇ ಬಣ್ಣ ಕಾಣುವ ಹೊತ್ತಿಗೆ ಒಂದೂವರೆ ತಿಂಗಳು ಕಳೆದಿರುತ್ತದೆ.

ಉಪ್ಪಿನಕಾಯಿಯ ಮಿಡಿಗೂ ಮೊದಲ ಹೆಜ್ಜೆ ಈ ಉಪ್ಪೇ. ಸಾಗರ, ಶಿರಸಿ, ಸಿದ್ದಾಪುರದ ಹೊಳೆಯಂಚಿನ ಅಪ್ಪೆಮಿಡಿಯಾದರೆ ನೀರು ಸೇರಿಸದೆ ಬರೀ ಉಪ್ಪಿನಲ್ಲಿ ಹಾಕಿ, ಅದು ತನ್ನದೇ ನೀರು ಬಿಟ್ಟು ಚಿರುಟಿಕೊಳ್ಳುವವರೆಗೆ ಕಾಯುತ್ತಾರೆ. ಖಾರ ಅರೆದು ಹಾಕುವುದು ಆಮೇಲಿನ ಮಾತು, ಅದಕ್ಕೆ ಬೇರೆಯೇ ಲೇಖನ ಬೇಕು.

ಬಿದ್ದ ಕಾಯಿಯ ಹೋಳು

ಇದು ಎಲ್ಲಕ್ಕಿಂತ ಸುಲಭ. ಸಿಪ್ಪೆ ಹೆರೆದು, ಪೆಟ್ಟಾದ ಭಾಗ ತೆಗೆದು, ಅರ್ಧ ಬೆರಳು ದಪ್ಪದ ಹೋಳು ಮಾಡಿ, ಕಿಲೋಗೆ ಎರಡು ಚಮಚ ಉಪ್ಪು ಮತ್ತು ಕಾಲು ಚಮಚ ಅರಿಶಿನ ಬೆರೆಸಿ ಒಂದು ರಾತ್ರಿ ಇಟ್ಟು, ಮರುದಿನದಿಂದ ನಾಲ್ಕೈದು ಒಳ್ಳೆಯ ಬಿಸಿಲಿಗೆ ಹರಡಬೇಕು. ಮುರಿದರೆ ಬಾಗದೆ ಲಟಕ್ಕನೆ ತುಂಡಾಗಬೇಕು. ಹುಣಸೆಯ ಬದಲು ಸಾರಿಗೆ ಹಾಕಬಹುದು. ಪುಡಿ ಮಾಡಿಟ್ಟರೆ ಮಳೆಗಾಲದ ತೇವಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುವುದರಿಂದ ಹೋಳುಗಳನ್ನೇ ಇಟ್ಟುಕೊಂಡು ಬೇಕಾದಾಗ ಪುಡಿ ಮಾಡಿಕೊಳ್ಳುವುದು ಅನುಕೂಲ.

ಮಾಂಬಳ

ಮಾಂಬಳವೆಂದರೆ ಮಾವಿನ ಹಣ್ಣಿನ ರಸವನ್ನು ಪದರದ ಮೇಲೆ ಪದರ ಎರೆದು ಒಣಗಿಸಿದ ಹಾಳೆ. ಒಂದು ಕಿಲೋ ರಸದಲ್ಲಿ ಸುಮಾರು 800 ಗ್ರಾಂ ನೀರಿರುತ್ತದೆ. ಬಿಸಿಲು ಅದರ ಬಹುಪಾಲನ್ನು ಹೀರಿದ ಮೇಲೆ ಕೈಗೆ ಸಿಗುವುದು ಕಾಲು ಕಿಲೋದ ಆಸುಪಾಸು. ಇದನ್ನು ಮೊದಲೇ ತಿಳಿದಿದ್ದರೆ ಎರಡು ಬುಟ್ಟಿ ಹಣ್ಣು ಒಂದು ಡಬ್ಬಿಯೊಳಗೆ ಅಡಗಿದಾಗ ಬೇಸರವಾಗುವುದಿಲ್ಲ.

ಇದಕ್ಕೆ ನಾರು ಮತ್ತು ಹುಳಿ ಎರಡೂ ಇರುವ ಕಾಟುಮಾವೇ ಸರಿ. ಕಸಿಮಾವಿನಿಂದಲೂ ಆಗುತ್ತದೆ, ಆದರೆ ಬಾದಾಮಿ, ರಸಪುರಿ, ಮಲ್ಲಿಕಾದಂಥ ಸಿಹಿ ಹಣ್ಣಿನ ಮಾಂಬಳ ಒಣಗಿದ ಮೇಲೆ ಬರೀ ಸಿಹಿಯಾಗಿ ಮುಖ ಹೊಡೆಯುತ್ತದೆ. ಕಿಲೋ ರಸಕ್ಕೆ ಒಂದು ದೊಡ್ಡ ನಿಂಬೆಹಣ್ಣಿನ ರಸ ಸೇರಿಸಿದರೆ ರುಚಿ ಸರಿಹೋಗುತ್ತದೆ. ಸಿಪ್ಪೆ ಸುಲಿದು, ಗೊರಟು ಮತ್ತು ತಿರುಳನ್ನು ಕೈಯಿಂದಲೇ ಕಿವುಚಿ, ದೊಡ್ಡ ಕಣ್ಣಿನ ಜರಡಿಯಲ್ಲಿ ರಸ ಇಳಿಸಬೇಕು. ಹಿಂದೆ ಹಸಿ ರಸವನ್ನೇ ಎರೆಯುತ್ತಿದ್ದರು. ನಾನು ಮಾತ್ರ ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ ಮರದ ಸೌಟಿನಿಂದ ತಿರುವುತ್ತ, ರಸ ಅಲ್ಲಲ್ಲಿ ಬೊಬ್ಬುಳಿಯೆದ್ದು ಸಿಡಿಯುವವರೆಗೆ ಕಾಯಿಸಿ, ಆರಿಸಿಯೇ ಎರೆಯುತ್ತೇನೆ. ಹೀಗೆ ಮಾಡಿದರೆ ಹುಳಿತುಹೋಗುವ ಭಯ ಕಡಿಮೆ, ಸ್ವಲ್ಪ ನೀರು ಒಲೆಯ ಮೇಲೆಯೇ ಆರಿರುವುದರಿಂದ ಒಂದು ದಿನದ ಬಿಸಿಲೂ ಉಳಿಯುತ್ತದೆ. ಹುಳಿ ಹಣ್ಣನ್ನು ಅಲ್ಯೂಮಿನಿಯಂ ಅಥವಾ ಕಲಾಯಿಯಿಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಕಾಯಿಸಬಾರದು.

ಓಲೆಚಾಪೆಗೆ ಬೆರಳ ತುದಿಯಿಂದ ಕೊಬ್ಬರಿ ಎಣ್ಣೆಯನ್ನು ತೆಳ್ಳಗೆ ಸವರಿ, ನಡುವಿನಲ್ಲಿ ರಸ ಹೊಯ್ದು, ಅಂಗೈಯಿಂದ ಅಂಚಿನವರೆಗೆ ಎಳೆಯಬೇಕು. ಮೊದಲ ಪದರ ಚಾಪೆಯ ಹೆಣಿಗೆ ಮಸುಕಾಗಿ ಕಾಣುವಷ್ಟು, ಅಂದರೆ ಮೂರು ನಾಲ್ಕು ಮಿಲಿಮೀಟರ್ ದಪ್ಪಕ್ಕಿಂತ ಮೀರಬಾರದು. ಸಂಜೆಯ ಹೊತ್ತಿಗೆ ಅದು ಮೇಲೆ ಹೊಳಪು ಕಳೆದುಕೊಂಡು, ಬೆರಳು ಒತ್ತಿದರೆ ಗುರುತು ಮೂಡುತ್ತದೆಯಾದರೂ ರಸ ಅಂಟುವುದಿಲ್ಲ. ಅಲ್ಲಿಗೆ ಆ ಪದರ ಮುಗಿದಂತೆ. ಮಂಜು ಬೀಳುವ ಮೊದಲೇ ಚಾಪೆಯನ್ನು ಒಳಗೆ ತಂದಿಟ್ಟು, ಮರುದಿನ ಬಿಸಿಲು ಏರಿದ ಮೇಲೆ ಅದರ ಮೇಲೆಯೇ ಹೊಸ ರಸ ಎರೆಯಬೇಕು. ಹೀಗೆ ಏಳೆಂಟು ಪದರವಾಗುವ ಹೊತ್ತಿಗೆ ಹಾಳೆ ಕಿರುಬೆರಳಿನ ಅರ್ಧದಷ್ಟು ದಪ್ಪವಾಗಿ, ಬಣ್ಣ ಹಳದಿಯಿಂದ ಜೇನುಬಣ್ಣಕ್ಕೂ ಅಲ್ಲಿಂದ ಕಾಫಿಯ ಕಂದಿಗೂ ತಿರುಗಿರುತ್ತದೆ. ನೊಣ ಕೂರದಂತೆ ನಾಲ್ಕು ಮೂಲೆಗೆ ಕೋಲು ನಿಲ್ಲಿಸಿ ಮೇಲೆ ಸೊಳ್ಳೆಪರದೆಯ ಬಟ್ಟೆ ಕಟ್ಟಬೇಕು; ಬಟ್ಟೆ ರಸಕ್ಕೆ ತಾಗಿದರೆ ಬಿಡಿಸಿಕೊಳ್ಳುವ ಕಷ್ಟ ಅನುಭವಿಸಿದವರಿಗೇ ಗೊತ್ತು.

ಒಂದು ವರ್ಷ ಮೇ ಕೊನೆಯಲ್ಲಿ ಮೋಡ ಕವಿಯತೊಡಗಿದ್ದನ್ನು ಕಂಡು, ಬೇಗ ಮುಗಿಸುವ ಆತುರದಲ್ಲಿ ಮೂರು ದಿನದ ರಸವನ್ನು ಒಂದೇ ಪದರವಾಗಿ ಎರೆದಿದ್ದೆ. ಮೇಲೆ ತೊಗಲು ಕಟ್ಟಿಕೊಂಡು ಒಣಗಿದಂತೆಯೇ ಕಂಡಿತು. ಐದನೆಯ ದಿನ ಮೂಲೆಯೊಂದನ್ನು ಕತ್ತರಿಸಿ ನೋಡಿದರೆ ಒಳಗೆ ಸಣ್ಣ ಸಣ್ಣ ಗುಳ್ಳೆ, ಮೂಗಿಗೆ ಕಳ್ಳಿನ ವಾಸನೆ. ಇಡೀ ಚಾಪೆ ಗುಂಡಿಗೆ ಹೋಯಿತು. ದಪ್ಪ ಪದರದ ಮೇಲ್ಭಾಗ ಬೇಗ ಒಣಗಿ ಒಳಗಿನ ನೀರಿಗೆ ಹೊರಬರುವ ದಾರಿಯನ್ನೇ ಮುಚ್ಚಿಬಿಡುತ್ತದೆ. ಮೋಡವಿದ್ದಾಗ ಪದರವನ್ನು ಇನ್ನಷ್ಟು ತೆಳ್ಳಗೆ ಎರೆಯಬೇಕೇ ಹೊರತು ದಪ್ಪಗೆ ಅಲ್ಲ.

ಕೊನೆಯ ಪದರ ಒಣಗಿದ ಮೇಲೆ ಚಾಪೆಯಿಂದ ಎಬ್ಬಿಸಿ, ಮಗುಚಿ, ಅಡಿಭಾಗಕ್ಕೂ ಎರಡು ಬಿಸಿಲು ಕಾಣಿಸಬೇಕು. ಮಡಚಿದರೆ ಬಿರಿಯದೆ, ಎರಡು ಮುಖ ಒಂದಕ್ಕೊಂದು ಮೆತ್ತಿಕೊಳ್ಳದೆ ಇದ್ದರೆ ಹದ ಬಂದಿದೆ. ಅಂಗೈಯಗಲ ಕತ್ತರಿಸಿ, ತುಂಡುಗಳ ನಡುವೆ ಬೆಣ್ಣೆಕಾಗದ ಇಟ್ಟು, ಗಾಳಿಯಾಡದ ಡಬ್ಬಿಯಲ್ಲಿ ಇಡಬಹುದು. ಅಂಗಳವಿಲ್ಲದ ಫ್ಲ್ಯಾಟಿನವರು ಇದೇ ರಸವನ್ನು ಬೇಕಿಂಗ್ ಕಾಗದ ಹಾಸಿದ ತಟ್ಟೆಗೆ ತೆಳ್ಳಗೆ ಎರೆದು, ಓವನ್ನಿನಲ್ಲಿ 60ರಿಂದ 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬಾಗಿಲನ್ನು ಬೆರಳಗಲ ತೆರೆದಿಟ್ಟು ಆರೇಳು ಗಂಟೆ ಒಣಗಿಸಬಹುದು. ವಿದೇಶದಲ್ಲಿರುವ ಕನ್ನಡಿಗರಿಗೆ ಒಳ್ಳೆಯ ಮಾವು ಸಿಗದಿದ್ದರೆ ಪೀಚ್ ಮತ್ತು ಜರ್ದಾಳಿಗೂ ಇದೇ ಕ್ರಮ ಒಗ್ಗುತ್ತದೆ.

ಜಾಮ್, ಮತ್ತು ಬಾಟಲಿಯ ಅಪಾಯ

ಒಂದು ಕಿಲೋ ತಿರುಳಿಗೆ 750 ಗ್ರಾಂ ಸಕ್ಕರೆ ಮತ್ತು ಒಂದು ಚಮಚ ಸಿಟ್ರಿಕ್ ಆಮ್ಲ ಅಥವಾ ಎರಡು ಮೂರು ನಿಂಬೆಹಣ್ಣಿನ ರಸ. ತಿರುಳಿನಲ್ಲಿ ಮೂರನೆಯ ಒಂದು ಪಾಲು ಅರೆಹಣ್ಣಿನದಾಗಿದ್ದರೆ ಅದರಲ್ಲಿರುವ ಪೆಕ್ಟಿನ್‌ನಿಂದ ಜಾಮ್ ತಾನಾಗಿಯೇ ಗಟ್ಟಿಯಾಗುತ್ತದೆ. ಕುದಿಯುತ್ತಿರುವ ಜಾಮಿನ ಶಾಖ 105 ಡಿಗ್ರಿಗೆ ಬಂದಾಗ ಇಳಿಸಬೇಕೆಂಬ ಲೆಕ್ಕ ಸಮುದ್ರಮಟ್ಟದ್ದು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯಲ್ಲೇ ಕುದಿಯುತ್ತದೆ, ಆದ್ದರಿಂದ ಅಲ್ಲಿ 102ಕ್ಕೆ ಇಳಿಸದಿದ್ದರೆ ಜಾಮ್ ಕಲ್ಲಾಗುತ್ತದೆ. ಥರ್ಮಾಮೀಟರ್ ಇಲ್ಲದವರು ತಣ್ಣನೆಯ ತಟ್ಟೆಯ ಮೇಲೆ ಒಂದು ಹನಿ ಹಾಕಿ, ಬೆರಳಿನಿಂದ ದೂಡಿದಾಗ ಅದು ಸುಕ್ಕುಗಟ್ಟುವುದನ್ನು ನೋಡಬಹುದು. ಹತ್ತು ನಿಮಿಷ ಕುದಿಸಿ ಬಿಸಿಯಾಗಿಯೇ ಇಟ್ಟ ಗಾಜಿನ ಬಾಟಲಿಗೆ ಬಿಸಿ ಜಾಮನ್ನೇ ತುಂಬಬೇಕು.

ಸಕ್ಕರೆಯಿಲ್ಲದ ಬರೀ ತಿರುಳನ್ನು ಬಾಟಲಿಗೆ ತುಂಬಿ, ಮೇಲೆ ಎಣ್ಣೆ ಹೊಯ್ದು ಕಪಾಟಿನಲ್ಲಿಡುವ ಸಲಹೆಗಳು ಅಲ್ಲಲ್ಲಿ ಕಾಣಸಿಗುತ್ತವೆ. ಅದನ್ನು ನಾನು ಒಪ್ಪುವುದಿಲ್ಲ. ಗಾಳಿಯಿಲ್ಲದ ಕಡೆಯಲ್ಲೇ ಬೆಳೆದು ಬಾಟ್ಯುಲಿಸಂ ಎಂಬ ಮಾರಕ ಕಾಯಿಲೆ ತರುವ ವಿಷ ಉಂಟುಮಾಡುವ ಬ್ಯಾಕ್ಟೀರಿಯಾವನ್ನು ತಡೆಯಬೇಕಾದರೆ ಆಹಾರದ ಪಿಎಚ್ 4.6ಕ್ಕಿಂತ ಕೆಳಗಿರಬೇಕು, ಅಂದರೆ ಸಾಕಷ್ಟು ಹುಳಿಯಿರಬೇಕು. ಮಾವಿನಕಾಯಿಗೆ ಆ ಹುಳಿಯಿದೆ. ಹಣ್ಣು ಮಾಗಿದಂತೆಲ್ಲ ಅದು ಇಳಿಯುತ್ತ ಹೋಗಿ, ಚೆನ್ನಾಗಿ ಕಳಿತ ಸಿಹಿ ಹಣ್ಣಿನಲ್ಲಿ ಈ ಗಡಿಯ ಹತ್ತಿರಕ್ಕೆ ಬಂದಿರುತ್ತದೆ. ಆ ತಿರುಳಿಗೆ ಫ್ರೀಜರೇ ಜಾಗ.

ಫ್ರೀಜರ್

ತಿರುಳನ್ನು ನೀರು ಬೆರೆಸದೆ ರುಬ್ಬಿ, ಕಾಲು ಕಿಲೋದ ಜಿಪ್ ಚೀಲಗಳಲ್ಲಿ ತುಂಬಿ, ಗಾಳಿ ಹೊರಹಾಕಿ, ಪುಸ್ತಕದಂತೆ ಚಪ್ಪಟೆಯಾಗಿ ಮಲಗಿಸಿಟ್ಟರೆ ಬೇಗ ಗಡ್ಡೆಕಟ್ಟುತ್ತದೆ, ಬೇಕಾದಾಗ ಬೇಗ ಕರಗುತ್ತದೆ. ಡಬ್ಬಿಯಾದರೆ ಮೇಲೆ ಒಂದು ಬೆರಳು ಜಾಗ ಬಿಡಬೇಕು, ನೀರು ಮಂಜುಗಡ್ಡೆಯಾಗುವಾಗ ಸುಮಾರು ಹತ್ತನೆಯ ಒಂದು ಪಾಲು ಹಿಗ್ಗುತ್ತದೆ. ಹೋಳುಗಳನ್ನು ಮೊದಲು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ ಗಟ್ಟಿಮಾಡಿಕೊಂಡು ಆಮೇಲೆ ಚೀಲಕ್ಕೆ ತುಂಬಿದರೆ ಒಂದಕ್ಕೊಂದು ಅಂಟುವುದಿಲ್ಲ. ಮೈನಸ್ 18 ಡಿಗ್ರಿಯಲ್ಲಿ ಮುಂದಿನ ಮಾವಿನ ಕಾಲದವರೆಗೂ ಇರುತ್ತದೆ. ಕರಗಿದ್ದನ್ನು ಮತ್ತೆ ಗಡ್ಡೆಕಟ್ಟಿಸಬಾರದು; ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ಊರಿನವರು ಈ ವಿಧಾನವನ್ನು ಹೆಚ್ಚು ನಂಬದಿರುವುದೇ ಒಳ್ಳೆಯದು.

ಮಳೆ ಹಿಡಿದ ಮೇಲೆ

ಜುಲೈಯಲ್ಲಿ ಒಂದು ದಿನ ಎಲ್ಲ ಡಬ್ಬಿ ಭರಣಿಗಳನ್ನು ತೆರೆದು ನೋಡುವ ಅಭ್ಯಾಸವಿರಲಿ. ಮಾಂಬಳ ಮೆತ್ತಗಾಗಿದ್ದರೆ ಹಂಚು ಕಾದ ಒಲೆಯ ಬದಿಯಲ್ಲಿ ಒಂದಷ್ಟು ಹೊತ್ತು ಇಟ್ಟು ಬೆಚ್ಚಗೆ ಮಾಡಿ ಮತ್ತೆ ಮುಚ್ಚಬೇಕು. ಭರಣಿಗೆ ಒದ್ದೆ ಕೈ ಹಾಕುವವರನ್ನು ದೂರವಿಡಬೇಕು. ಒಂದು ವಾರಕ್ಕೆ ಬೇಕಾದಷ್ಟನ್ನು ಚಿಕ್ಕ ಜಾಡಿಗೆ ತೆಗೆದಿಟ್ಟುಕೊಂಡರೆ ದೊಡ್ಡ ಭರಣಿಯ ಮುಚ್ಚಳ ಪದೇ ಪದೇ ತೆರೆಯುವ ಪ್ರಮೇಯ ಬರುವುದಿಲ್ಲ.

ಉಪ್ಪಿನ ಮಾವಿನಕಾಯಿಯನ್ನು ಅಡುಗೆಯ ಹಿಂದಿನ ರಾತ್ರಿ ಸಿಹಿನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಆ ನೀರನ್ನು ಚೆಲ್ಲಿ ಇನ್ನೊಮ್ಮೆ ತೊಳೆದರೆ ಹೆಚ್ಚಿನ ಉಪ್ಪು ಇಳಿಯುತ್ತದೆ. ರಕ್ತದೊತ್ತಡ ಇರುವವರು ಹಾಗೆ ಮಾಡಿದ ಮೇಲೂ ಮಿತವಾಗಿಯೇ ತಿನ್ನಬೇಕು. ಎರಡು ಕಾಯಿಯ ತಿರುಳನ್ನು ಗೊರಟಿನಿಂದ ಬಿಡಿಸಿ, ಒಂದು ಹಿಡಿ ತೆಂಗಿನತುರಿ, ಎರಡು ಹಸಿಮೆಣಸು, ಕಾಲು ಚಮಚ ಸಾಸಿವೆಯೊಂದಿಗೆ ಅರೆದು, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಕುಚ್ಚಲಕ್ಕಿ ಗಂಜಿಯ ಜೊತೆಗೆ ನಾಲ್ಕು ಮಂದಿಗೆ ಸಾಕು. ಗೊಜ್ಜಿಗೆ ಬೇರೆ ಉಪ್ಪು ಹಾಕುವ ಮೊದಲು ಒಮ್ಮೆ ರುಚಿ ನೋಡಿಕೊಳ್ಳಬೇಕು. ಹೆಚ್ಚಿನ ಸಲ ಬೇಕಾಗುವುದಿಲ್ಲ.